ನುಸಿ, ಮದ್ದು ಮತ್ತು ನಮ್ಮ ತುಡುವೆ ಜೇನು

ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಅಡಿಕೆ, ಗೊಬ್ಬರ, ಸಾಲ ವಸೂಲಿ ಬಗ್ಗೆ ಬರೆಯುವವರು ಬೇಕಷ್ಟು ಮಂದಿ ಇದ್ದಾರೆ. ನಾವು ಜೇನಿನ ಚರಿತ್ರೆ ಸ್ವಲ್ಪ ಬರೆಯುತ್ತೇವೆ. "ಪೆಟ್ಟಿಗೆಗೆ ನುಸಿ ಬಿದ್ದಿದೆ, ಎಂತ ಮದ್ದು ಹಾಕುದು?" ಎಂದು ಸದಸ್ಯರು ಆಗಾಗ ಕೇಳುತ್ತಾರೆ.

ವರೋವಾ ಎಂಬ ಈ ನುಸಿಯನ್ನು ವಿಜ್ಞಾನಿಗಳು ಮೊದಲು ವಿವರಿಸಿದ್ದು 1904ರಲ್ಲಿ, ಜಾವಾ ದ್ವೀಪದಲ್ಲಿ ಸಿಕ್ಕಿದ ನಮ್ಮ ತುಡುವೆ ಜಾತಿಯ ಜೇನಿನಿಂದಲೇ. ಇವೆರಡೂ ಹಳೆಯ ನೆಂಟರು. ತುಡುವೆ ನೊಣಗಳು ಒಂದರ ಮೈಯನ್ನು ಇನ್ನೊಂದು ಉಜ್ಜಿ ನುಸಿಯನ್ನು ಕಚ್ಚಿ ಕೆಡವುತ್ತವೆ. ನುಸಿ ಮರಿ ಮಾಡುವುದು ಹೆಚ್ಚಾಗಿ ಗಂಡು ನೊಣದ ಕೋಶದಲ್ಲಿ ಮಾತ್ರ. ಯುರೋಪಿನ ಮೆಲ್ಲಿಫೆರಾ ಜೇನಿಗೆ ಈ ಉಪಾಯ ಅಷ್ಟು ಗೊತ್ತಿಲ್ಲ. ಅದನ್ನು ಏಷ್ಯಾಕ್ಕೆ ತಂದು ಸಾಕಿದ ಮೇಲೆ ನುಸಿ ಅದಕ್ಕೂ ಹತ್ತಿ ಲೋಕವೆಲ್ಲ ಹರಡಿತು. ಹೀಗೆ ಹರಡಿದ್ದು ಬೇರೆಯೇ ಜಾತಿ ಎಂದು 2000ದಲ್ಲಿ ತಿಳಿದು, ವರೋವಾ ಡಿಸ್ಟ್ರಕ್ಟರ್ ಎಂದು ಹೆಸರಿಟ್ಟರು. ಮೆಲ್ಲಿಫೆರಾ ಸಾಕುವವರು ನುಸಿ ನೋಡಿಕೊಳ್ಳಲೇಬೇಕು.

ಆದರೆ ನಮ್ಮ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದು ನುಸಿಯಲ್ಲ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲ ಆಗ ಅವಿಭಜಿತ ದಕ್ಷಿಣ ಕನ್ನಡದಲ್ಲಿದ್ದವು. ನಾವು ಪ್ರೈಮರಿ ಶಾಲೆ ಮಕ್ಕಳು. ಅಪ್ಪಯ್ಯನ ಹತ್ತಿರ ಆರು ಪೆಟ್ಟಿಗೆ ಇತ್ತು. ಮರಿಹುಳಗಳು ಕೋಶದೊಳಗೆ ನೀರು ತುಂಬಿದ ಚೀಲದ ಹಾಗೆ, ತಲೆ ಎತ್ತಿಕೊಂಡೇ ಸತ್ತವು. ಐದು ಪೆಟ್ಟಿಗೆ ಹೋಯಿತು. ನುಸಿಯೇ ಇರಬೇಕೆಂದು ಯಾರೋ ಹೇಳಿದರು, ಅಪ್ಪಯ್ಯ ಉಳಿದ ಒಂದಕ್ಕೆ ಗಂಧಕದ ಪುಡಿ ಹಾಕಿದರು. ವೈರಸ್ಸಿಗೆ ಗಂಧಕ ಎಂತ ಮಾಡುತ್ತದೆ? ಆರನೆಯದೂ ಹೋಯಿತು. ಮತ್ತೆ ಅವರು ಜೇನಿನ ಸುದ್ದಿಗೆ ಹೋಗಲೇ ಇಲ್ಲ.

ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಆ ವರ್ಷಗಳಲ್ಲಿ ನಾಶವಾದವು. ತಿರುಗಿ ಚಿಗುರಿದ್ದು ಮದ್ದಿನಿಂದ ಅಲ್ಲ, ರೋಗ ತಡೆದು ಮರದ ಪೊಟರೆ, ಹುತ್ತಗಳಲ್ಲಿ ಉಳಿದ ಕುಟುಂಬಗಳಿಂದ. ನಾವು ಸುರು ಮಾಡಿದ್ದೂ ಮನೆ ಹಿಂದಿನ ಹಾಡಿಯ ಹುತ್ತದಿಂದಲೇ.

ಹೊರಗಿನಿಂದ ಪೆಟ್ಟಿಗೆ ತರಿಸಿ ಹಂಚುವ ಮಾತು ನಿರ್ದೇಶಕರ ಸಭೆಯಲ್ಲಿ ಬಂದಾಗ ನಾವು ಒಪ್ಪಲಿಲ್ಲ. ಸ್ವಲ್ಪ ಜೋರು ಮಾತೇ ಆಯಿತು. ರೋಗ ಬರುವುದು ಅದೇ ದಾರಿಯಲ್ಲಿ. ರೋಗ ಕಂಡರೆ ರಾಣಿಯನ್ನು ಕೆಲವು ದಿನ ಮೊಟ್ಟೆ ಇಡದ ಹಾಗೆ ಕೂಡಿ ಹಾಕಿ, ಆ ಎರಿಯನ್ನು ಒಳ್ಳೆ ಪೆಟ್ಟಿಗೆಗೆ ಹಾಕಬೇಡಿ. ಮಳೆಗಾಲದಲ್ಲಿ ಸಕ್ಕರೆ ನೀರು ಕೊಡಿ. ನುಸಿಯ ಮದ್ದು ತುಡುವೆಗೆ ಬೇಡ, ಅದು ತುಪ್ಪಕ್ಕೆ ಇಳಿಯುತ್ತದೆ.

ಈಗ ನಮ್ಮಲ್ಲಿ ಒಂಬತ್ತು ಪೆಟ್ಟಿಗೆ ಇದೆ. ನೋಡಬೇಕೆನ್ನುವವರು ಬಿಸಿಲು ಏರುವ ಮೊದಲು ಬನ್ನಿ.