ಅಂಗೈ ಅಳತೆಗೆ ಬಂದ ಪಿಸ್ತೂಲು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗುರಿ ತಪ್ಪಿದ ಸೈನಿಕ ತನ್ನ ಪಿಸ್ತೂಲನ್ನು ದೂರಿದಾಗಲೆಲ್ಲ ಸೇನಾಧಿಕಾರಿಗಳು ಬಹುಕಾಲ ಇದೇ ಧಾಟಿಯ ಉತ್ತರ ಕೊಟ್ಟರು. ಗುರಿ ಕಟ್ಟುವುದು ಅಭ್ಯಾಸದ ಮಾತು, ಆಯುಧದ ಮಾತಲ್ಲ ಎಂಬುದು ಅವರ ನಂಬಿಕೆ. ಆದರೆ ಕೈಬಂದೂಕಿನ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಹಲವು ಸಲ ನೆಲವೇ ನಿಜವಾಗಿ ಡೊಂಕಾಗಿತ್ತು ಎಂಬುದು ತಿಳಿಯುತ್ತದೆ. ಹಿಡಿಯ ದಪ್ಪ, ಟ್ರಿಗರಿನ ದೂರ, ಆಯುಧದ ತೂಕ ಇವು ಮೂರೂ ಹಿಡಿಯುವವನ ಅಂಗೈಗೆ ಹೊಂದದಿದ್ದರೆ ಎಂಥ ಅಭ್ಯಾಸವೂ ಅರ್ಧ ಫಲವನ್ನಷ್ಟೇ ಕೊಡುತ್ತದೆ.

ಹಳ್ಳಿಯ ಕಮ್ಮಾರನಿಗೆ ಇದು ಹೊಸ ಮಾತಲ್ಲ. ಕುಡುಗೋಲಿಗೆ ಹಿಡಿ ಹಾಕುವಾಗ ಅದನ್ನು ಬಳಸುವವರ ಕೈ ನೋಡಿ ಕಟ್ಟಿಗೆ ಕೆತ್ತುವುದು ರೂಢಿ. ಹಿಡಿ ದಪ್ಪವಾದರೆ ಬೆರಳು ಸುತ್ತಿ ಬರುವುದಿಲ್ಲ, ಸಣ್ಣದಾದರೆ ಕೈಯಲ್ಲಿ ತಿರುಗುತ್ತದೆ. ಪಿಸ್ತೂಲಿನ ಪಾಡೂ ಇದೇ. ವ್ಯತ್ಯಾಸವೆಂದರೆ ಅದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಒಂದೇ ಅಳತೆಯಲ್ಲಿ ತಯಾರಾಗುವ ವಸ್ತು. ಕೈಗಳು ಮಾತ್ರ ಸಾವಿರ ಅಳತೆಯವು.

ಒಂದು ಮಿಲಿಮೀಟರಿನ ಲೆಕ್ಕ

ಬಂದೂಕಿಗೆ ಭುಜದ ಆಸರೆಯಿದೆ. ಎರಡು ಕೈ, ಭುಜ, ಕೆನ್ನೆ ಹೀಗೆ ನಾಲ್ಕು ಕಡೆ ಅದು ಮೈಗೆ ತಾಗಿ ನಿಲ್ಲುತ್ತದೆ. ಪಿಸ್ತೂಲಿಗೆ ಇರುವುದು ಅಂಗೈ ಒಂದೇ. ಹೆಚ್ಚೆಂದರೆ ಇನ್ನೊಂದು ಅಂಗೈಯ ನೆರವು. ಆದ್ದರಿಂದ ಕೈಯ ಸಣ್ಣ ಕದಲಿಕೆಯೂ ಗುಂಡಿನ ದಾರಿಯನ್ನು ದೊಡ್ಡದಾಗಿ ಬದಲಿಸುತ್ತದೆ.

ನಳಿಗೆಯ ತುದಿಯಲ್ಲೊಂದು, ಹಿಂಬದಿಯಲ್ಲೊಂದು ಸೈಟ್ ಇರುತ್ತದೆ. ಇವೆರಡನ್ನೂ ಒಂದೇ ನೇರಕ್ಕೆ ತರುವುದೇ ಗುರಿ ಕಟ್ಟುವುದು. ಎರಡರ ನಡುವೆ 150 ಮಿಲಿಮೀಟರ್ ಅಂತರವಿರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಆಚೀಚೆಯಾದರೆ, 25 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರ್ ತಪ್ಪುತ್ತದೆ. ಅಂತರ 100 ಮಿಲಿಮೀಟರ್‌ಗೆ ಇಳಿದರೆ ಅದೇ ತಪ್ಪು 25 ಸೆಂಟಿಮೀಟರ್ ಆಗುತ್ತದೆ. ಚಿಕ್ಕ ಪಿಸ್ತೂಲಿನಿಂದ ಗುರಿ ಹೊಡೆಯುವುದು ಕಷ್ಟವಾಗುವುದಕ್ಕೆ ಮೊದಲ ಕಾರಣ ಇದು.

ಇನ್ನು ಟ್ರಿಗರಿನ ಮಾತು. ತೋರುಬೆರಳು ಟ್ರಿಗರನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಬೆರಳು ಗಿಡ್ಡವಾಗಿ ಹಿಡಿ ದಪ್ಪವಾದರೆ ಬೆರಳ ತುದಿ ಮಾತ್ರ ಅದನ್ನು ಮುಟ್ಟುತ್ತದೆ. ಆಗ ಎಳೆತದ ಜೊತೆಗೆ ಪಕ್ಕಕ್ಕೆ ನೂಕುವುದೂ ಸೇರುತ್ತದೆ. ಬೆರಳು ಉದ್ದವಾಗಿ ಹಿಡಿ ಸಣ್ಣದಾದರೆ ಬೆರಳು ಆಚೆ ದಾಟಿ, ಮಡಚಿಕೊಂಡು, ಆಯುಧವನ್ನು ತನ್ನತ್ತ ಎಳೆಯುತ್ತದೆ. ರಿವಾಲ್ವರಿನ ಸುತ್ತಿಗೆಯನ್ನು ಮೊದಲೇ ಹಿಂದಕ್ಕೆಳೆದಿಡದೆ ಬರಿಯ ಟ್ರಿಗರಿನಿಂದಲೇ ಹಾರಿಸಲು ಆಯುಧದ ತೂಕದ ಹಲವು ಪಟ್ಟು ಬಲ ಬೇಕಾಗುತ್ತದೆ. ಅಷ್ಟು ಬಲ ಓರೆಯಾಗಿ ಬಿದ್ದರೆ ಒಂದು ಮಿಲಿಮೀಟರ್ ಕದಲುವುದು ದೊಡ್ಡ ಸಂಗತಿಯೇನಲ್ಲ.

ಮೂರನೆಯದು ಒದೆತ. ಗುಂಡು ಮುಂದಕ್ಕೆ ಹಾರಿದಾಗ ಆಯುಧ ಹಿಂದಕ್ಕೆ ಒದೆಯುತ್ತದೆ. ಅದೇ ತೋಟಾವನ್ನು ಅರ್ಧ ತೂಕದ ಪಿಸ್ತೂಲಿನಿಂದ ಹಾರಿಸಿದರೆ ಒದೆತದ ವೇಗ ಇಮ್ಮಡಿಯಾಗುತ್ತದೆ. ನಳಿಗೆ ಅಂಗೈಗಿಂತ ಮೇಲಿರುವುದರಿಂದ ಪ್ರತಿ ಸಲವೂ ಮೂತಿ ಮೇಲಕ್ಕೇಳುತ್ತದೆ. ನಳಿಗೆ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚು ಈ ನೆಗೆತ. ಹಿಡಿ ಸಡಿಲವಾದರೆ ಎರಡನೆಯ ಗುಂಡಿಗೆ ಮತ್ತೆ ಮೊದಲಿನಿಂದ ಗುರಿ ಕಟ್ಟಬೇಕು.

ಕುದುರೆ ಸವಾರರ ಕಾಲದಿಂದ

1847ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತಯಾರಿಸಿದ 'ವಾಕರ್' ರಿವಾಲ್ವರ್ ಸುಮಾರು 2 ಕಿಲೋ ತೂಗುತ್ತಿತ್ತು. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವ ಮಾತಿರಲಿಲ್ಲ. ಕುದುರೆಯ ಜೀನಿಗೆ ತೂಗುಹಾಕುತ್ತಿದ್ದರು. ಚಾಚಿದ ಒಂಟಿ ಕೈಯಲ್ಲಿ 2 ಕಿಲೋ ತೂಕವನ್ನು ಅಲುಗದಂತೆ ಹಿಡಿಯುವುದು ಸಾಮಾನ್ಯರಿಗೆ ಆಗುವ ಕೆಲಸವಲ್ಲ. ಕೋಲ್ಟ್ ಕಂಪೆನಿಯೇ 1851ರಲ್ಲಿ ಹೆಚ್ಚು ಹಗುರವಾದ 'ನೇವಿ' ರಿವಾಲ್ವರನ್ನು ಹೊರತಂದಿತು. ಅದರ ಬಾಗಿದ ಹಿಡಿ ಎಷ್ಟು ಜನಪ್ರಿಯವಾಯಿತೆಂದರೆ 1873ರ ಪ್ರಸಿದ್ಧ ಸೇನಾ ರಿವಾಲ್ವರಿಗೂ ಅದೇ ಆಕಾರವನ್ನು ಉಳಿಸಿಕೊಳ್ಳಲಾಯಿತು. ಒದೆತ ಬಂದಾಗ ಈ ಹಿಡಿ ಅಂಗೈಯೊಳಗೇ ತುಸು ಹಿಂದಕ್ಕೆ ಉರುಳಿ ಪೆಟ್ಟನ್ನು ನುಂಗಿಕೊಳ್ಳುತ್ತಿತ್ತು. ಉರುಳಿದಾಗ ಹೆಬ್ಬೆರಳಿಗೆ ಸುತ್ತಿಗೆ ಎಟುಕುತ್ತಿತ್ತು. ಪ್ರತಿ ಗುಂಡಿಗೂ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಾಗಿದ್ದ ಕಾಲಕ್ಕೆ ಅದು ಸೊಗಸಾದ ಹೊಂದಾಣಿಕೆ.

ತಾನೇ ಗುಂಡು ತುಂಬಿಕೊಳ್ಳುವ ಪಿಸ್ತೂಲುಗಳು ಬಂದಾಗ ಈ ಲೆಕ್ಕ ಬದಲಾಯಿತು. ಮ್ಯಾಗಜಿನ್ ಹಿಡಿಯೊಳಗೇ ಕೂರಬೇಕಾದ್ದರಿಂದ ಹಿಡಿಯ ಅಳತೆಯನ್ನು ಅಂಗೈ ಬದಲು ತೋಟಾ ನಿರ್ಧರಿಸತೊಡಗಿತು. ತೋಟಾ ಉದ್ದವಾದಷ್ಟೂ ಹಿಡಿ ಹಿಂದುಮುಂದಾಗಿ ಅಗಲ. ಟ್ರಿಗರ್ ಅಷ್ಟೂ ದೂರ.

ಯುದ್ಧ ಕಲಿಸಿದ ಪಾಠ

ಫಿಲಿಪೀನ್ಸ್ ಯುದ್ಧದಲ್ಲಿ .38 ಅಳತೆಯ ರಿವಾಲ್ವರುಗಳ ಗುಂಡು ಎದುರಾಳಿಯನ್ನು ತಡೆದು ನಿಲ್ಲಿಸುತ್ತಿಲ್ಲ ಎಂಬ ದೂರು ಅಮೆರಿಕದ ಸೇನೆಯಲ್ಲಿ ಬಲವಾಗಿತ್ತು. 1904ರ ಪರೀಕ್ಷೆಗಳ ಬಳಿಕ .45 ಅಳತೆಗಿಂತ ಕಡಿಮೆಯ ಗುಂಡು ಬೇಡವೆಂಬ ಶಿಫಾರಸು ಬಂತು. ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲು 1911ರಲ್ಲಿ ಸೇನೆಗೆ ಸೇರಿತು. ಪರೀಕ್ಷೆಯ ಹಂತದಲ್ಲೇ ಅದರ ಹಿಡಿಯ ಓರೆಯನ್ನು ಹೆಚ್ಚಿಸಿ ಕೈ ಚಾಚಿದರೆ ಮೂತಿ ಸಹಜವಾಗಿ ಮುಂದಕ್ಕೆ ನೋಡುವಂತೆ ಮಾಡಲಾಗಿತ್ತು.

ಆದರೆ ಮೊದಲ ಮಹಾಯುದ್ಧದಲ್ಲಿ ಅದು ಸಾವಿರಾರು ಹೊಸ ಸೈನಿಕರ ಕೈ ಸೇರಿದಾಗ ಕೊರತೆಗಳು ಕಂಡವು. ಗಿಡ್ಡ ಬೆರಳಿನವರಿಗೆ ಟ್ರಿಗರ್ ದೂರವಾಗಿತ್ತು. ಹಿಂದಕ್ಕೆ ಬರುವ ಸುತ್ತಿಗೆ ಹೆಬ್ಬೆರಳು, ತೋರುಬೆರಳುಗಳ ನಡುವಿನ ಚರ್ಮವನ್ನು ಕಚ್ಚುತ್ತಿತ್ತು. ಅವಸರದಲ್ಲಿ ಹಾರಿಸಿದ ಗುಂಡು ಕೆಳಕ್ಕೆ ಬೀಳುತ್ತಿತ್ತು. 1920ರ ದಶಕದ ನಡುವೆ ಸೇನೆ ಇದನ್ನು ತಿದ್ದಿತು. ಟ್ರಿಗರನ್ನು ಗಿಡ್ಡ ಮಾಡಿ, ಅದರ ಹಿಂದಿನ ಚೌಕಟ್ಟಿನಲ್ಲಿ ಬೆರಳು ಸರಿಯಲು ತಗ್ಗು ಕೊರೆದರು. ಹಿಡಿಯ ಹಿಂಭಾಗವನ್ನು ಉಬ್ಬಿಸಿದರು. ಚರ್ಮ ಸಿಕ್ಕಿಕೊಳ್ಳದಂತೆ ಮೇಲಿನ ಬಾಲವನ್ನು ಉದ್ದಗೊಳಿಸಿದರು. ಗುಂಡು, ನಳಿಗೆ, ಯಂತ್ರ ಯಾವುದೂ ಬದಲಾಗಲಿಲ್ಲ. ಬದಲಾದದ್ದೆಲ್ಲ ಕೈ ಮುಟ್ಟುವ ಮತ್ತು ಕಣ್ಣು ನೋಡುವ ಭಾಗಗಳು. ಈ ರೂಪದಲ್ಲಿ ಆ ಪಿಸ್ತೂಲು 1985ರವರೆಗೆ ಅಮೆರಿಕ ಸೇನೆಯ ಅಧಿಕೃತ ಆಯುಧವಾಗಿ ಉಳಿಯಿತು.

ಬ್ರಿಟನ್ ಹಿಡಿದ ದಾರಿ ಬೇರೆ. ಮೊದಲ ಮಹಾಯುದ್ಧದ ವೆಬ್ಲಿ ರಿವಾಲ್ವರ್ .455 ಅಳತೆಯದು, ಒಂದು ಕಿಲೋಗಿಂತ ಭಾರ. ಅದರಲ್ಲಿ ಕೈ ಪಳಗಲು ದೀರ್ಘ ಅಭ್ಯಾಸ ಬೇಕು. ಯುದ್ಧಕಾಲದಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ಆದ್ದರಿಂದ ಬ್ರಿಟಿಷರು ಗುಂಡನ್ನೇ ಚಿಕ್ಕದು ಮಾಡಿ, 1932ರಲ್ಲಿ ಮುಕ್ಕಾಲು ಕಿಲೋ ತೂಕದ .38 ಎನ್‌ಫೀಲ್ಡ್ ರಿವಾಲ್ವರನ್ನು ಒಪ್ಪಿಕೊಂಡರು. ತಪ್ಪಿಹೋಗುವ ದೊಡ್ಡ ಗುಂಡಿಗಿಂತ ತಾಗುವ ಚಿಕ್ಕ ಗುಂಡು ಮೇಲು ಎಂಬುದು ಇದರ ತಾತ್ಪರ್ಯ. ಆದರೆ 1938ರಲ್ಲಿ ಟ್ಯಾಂಕ್ ಸಿಬ್ಬಂದಿಯ ಅನುಕೂಲಕ್ಕೆಂದು, ಒಳಗಿನ ಸಾಮಾನುಗಳಿಗೆ ಸಿಕ್ಕಿಕೊಳ್ಳುತ್ತಿದ್ದ ಸುತ್ತಿಗೆಯ ಬಾಲವನ್ನೇ ತೆಗೆದುಹಾಕಿದರು. ಆಗ ಪ್ರತಿ ಗುಂಡಿಗೂ ಟ್ರಿಗರನ್ನು ಉದ್ದಕ್ಕೆ, ಬಿಗಿಯಾಗಿ ಎಳೆಯುವುದು ಅನಿವಾರ್ಯವಾಗಿ, ಹಗುರತನದಿಂದ ಬಂದ ಲಾಭದಲ್ಲಿ ಒಂದು ಪಾಲು ಕೈಬಿಟ್ಟಿತು.

ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ದ್ಯುದೊನ್ನೆ ಸೇವ್ ಪೂರ್ಣಗೊಳಿಸಿದ 'ಹೈ ಪವರ್' ಪಿಸ್ತೂಲು 1935ರಲ್ಲಿ ಬಂತು. ಅದರ ಮ್ಯಾಗಜಿನ್‌ನಲ್ಲಿ 9 ಮಿಲಿಮೀಟರಿನ 13 ತೋಟಾಗಳು ಎರಡು ಸಾಲಾಗಿ ಕೂರುತ್ತವೆ. ಹಿಡಿ ದಪ್ಪವಾಗಬೇಕಿತ್ತು, ಆದರೆ 9 ಮಿಲಿಮೀಟರ್ ತೋಟಾ ಗಿಡ್ಡವಾದ್ದರಿಂದ ಹಿಂದುಮುಂದಿನ ಅಗಲ ಉಳಿಯಿತು. ತೆಳು ಹಲಗೆ ಹೊದಿಸಿ, ಮೂಲೆಗಳನ್ನು ದುಂಡಗೆ ಮಾಡಿದ ಈ ಹಿಡಿಯನ್ನು ಅನೇಕರು ಇಂದಿಗೂ ಮಾದರಿಯೆಂದು ಹೊಗಳುತ್ತಾರೆ. ಭಾರತದ ಸೇನೆ, ಪೊಲೀಸರು ಬಳಸುವ, ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ 9 ಮಿಲಿಮೀಟರ್ ಪಿಸ್ತೂಲು ಇದೇ ವಂಶದ್ದು.

ಮಹಿಳೆಯರು ಬಂದ ಮೇಲೆ

ಸರಾಸರಿ ಗಂಡಸಿನ ಕೈಯನ್ನೇ ಅಳತೆಗೋಲು ಮಾಡಿಕೊಂಡ ವ್ಯವಸ್ಥೆಗೆ ದೊಡ್ಡ ಪ್ರಶ್ನೆ ಎದುರಾದದ್ದು 1970ರ ದಶಕದಲ್ಲಿ. ಅಮೆರಿಕದ ಪೊಲೀಸ್ ಇಲಾಖೆಗಳು ಮಹಿಳೆಯರನ್ನು ಗಸ್ತಿನ ಕೆಲಸಕ್ಕೆ ಸೇರಿಸತೊಡಗಿದವು. ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಆ ಕೆಲಸ ಸಿಗುವಂತಿಲ್ಲ. ದೊಡ್ಡ ಕೈಗೆಂದು ಮಾಡಿದ ರಿವಾಲ್ವರಿನ ಬಿಗಿ ಟ್ರಿಗರ್ ಎಳೆಯುವಾಗ, ಚಿಕ್ಕ ಕೈಯವರು ಬೆರಳು ಮುಟ್ಟಿಸಲೆಂದು ಆಯುಧವನ್ನೇ ಅಂಗೈಯಲ್ಲಿ ಪಕ್ಕಕ್ಕೆ ತಿರುಗಿಸಿ ಹಿಡಿಯಬೇಕಾಗುತ್ತದೆ. ಆಗ ಒದೆತ ಮುಂಗೈಯ ನೇರಕ್ಕೆ ಬೀಳದೆ ಹೆಬ್ಬೆರಳ ಬುಡಕ್ಕೆ ಬೀಳುತ್ತದೆ. ಮೂತಿ ಒಂದೆಡೆಗೆ ಜಾರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಹೆಂಗಸರ ಅಳುಕಿನಂತೆ ಕಂಡರೆ ಆಶ್ಚರ್ಯವಿಲ್ಲ. ನಿಜದಲ್ಲಿ ಅದು ಕೆಲವೇ ಮಿಲಿಮೀಟರುಗಳ ಅನ್ಯಾಯ. ಚಿಕ್ಕ ಕೈಯ ಗಂಡಸರೂ ಅದೇ ತೊಂದರೆಯನ್ನು ಬಾಯಿಬಿಡದೆ ಅನುಭವಿಸಿದ್ದರು ಎಂಬುದನ್ನು ಮರೆಯುವಂತಿಲ್ಲ.

1985ರಲ್ಲಿ ಅಮೆರಿಕ ಸೇನೆ 15 ತೋಟಾಗಳ ಬೆರೆಟಾ ಪಿಸ್ತೂಲನ್ನು ಆರಿಸಿಕೊಂಡಾಗ ಅದರ ದಪ್ಪ ಹಿಡಿಯ ಬಗ್ಗೆ ಮತ್ತೆ ಅದೇ ದೂರು ಕೇಳಿಬಂತು. ಈ ನಡುವೆ ತಯಾರಕರು ಹೊಸ ಉಪಾಯ ಕಂಡುಕೊಂಡರು. 1990ರ ದಶಕದ ಕೊನೆಗೆ ಜರ್ಮನಿಯ ವಾಲ್ಟರ್ ಕಂಪೆನಿ ಹಿಡಿಯ ಹಿಂಭಾಗದ ಪಟ್ಟಿಯನ್ನು ಬದಲಿಸಬಹುದಾದ ಪಿಸ್ತೂಲನ್ನು ಹೊರತಂದಿತು. 2010ರಲ್ಲಿ ಆಸ್ಟ್ರಿಯಾದ ಗ್ಲಾಕ್ ಕಂಪೆನಿಯೂ ಅದೇ ದಾರಿ ತುಳಿಯಿತು. 2017ರಲ್ಲಿ ಅಮೆರಿಕ ಸೇನೆ ಬೆರೆಟಾದ ಜಾಗಕ್ಕೆ ಆಯ್ದ ಸಿಗ್ ಸಾವರ್ ಪಿಸ್ತೂಲಿನಲ್ಲಿ ಇಡೀ ಹಿಡಿಯನ್ನೇ ಕಳಚಿ ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ ಜೋಡಿಸಬಹುದು. ಬೂಟು, ಟೋಪಿಗಳನ್ನು ಅಳತೆ ನೋಡಿ ಕೊಡುವ ಸೇನೆ ಪಿಸ್ತೂಲನ್ನೂ ಹಾಗೆ ಕೊಡಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಚಿಕ್ಕ ಕೈಗೆ ಚಿಕ್ಕ ಪಿಸ್ತೂಲೇ?

ಹಾಗಾದರೆ ಚಿಕ್ಕ ಕೈಗೆ ಚಿಕ್ಕ, ಹಗುರ ಆಯುಧ ಕೊಟ್ಟರೆ ಮುಗಿಯಿತಲ್ಲ ಎನ್ನಿಸಬಹುದು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ಸುಮಾರು 500 ಗ್ರಾಂ ತೂಕದ, .32 ಅಳತೆಯ 'ನಿರ್ಭೀಕ್' ರಿವಾಲ್ವರನ್ನು ಬಿಡುಗಡೆ ಮಾಡಿದಾಗ ಹಿಂದಿದ್ದ ಆಲೋಚನೆ ಇದೇ. ಕೈಚೀಲದಲ್ಲಿ ಇಟ್ಟುಕೊಳ್ಳಲು ಅದು ಅನುಕೂಲ; .32 ತೋಟಾದ ಒದೆತವೂ ಸೌಮ್ಯ. ಆದರೆ ಹೊರಲು ಸುಲಭವಾದದ್ದು ಹೊಡೆಯಲು ಸುಲಭವಾಗಬೇಕೆಂದಿಲ್ಲ. ಆಯುಧ ಹಗುರವಾದಷ್ಟೂ ಒದೆತ ಚುರುಕು. ನಳಿಗೆ ಗಿಡ್ಡವಾದಷ್ಟೂ ಸೈಟುಗಳು ಹತ್ತಿರ. ಹಿಡಿ ಮೊಟಕಾದಷ್ಟೂ ಕಿರುಬೆರಳಿಗೆ ಜಾಗವಿಲ್ಲ. ಚಿಕ್ಕ ಕೈಗೆ ಬೇಕಾದದ್ದು ಟ್ರಿಗರ್ ಹತ್ತಿರವಿರುವ, ತೆಳು ಹಿಡಿಯ, ಆದರೆ ಸಾಕಷ್ಟು ತೂಕ ಮತ್ತು ಉದ್ದವಿರುವ ಆಯುಧ. ಗಾತ್ರ ಬೇರೆ, ಹೊಂದಾಣಿಕೆ ಬೇರೆ ಎಂಬ ಈ ಭೇದವನ್ನು ಮಾರಾಟದ ಜಾಹೀರಾತುಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಕ್ರೀಡೆಯ ಹಿಡಿ

ಈ ಭೇದವನ್ನು ಚೆನ್ನಾಗಿ ಬಲ್ಲವರು ಕ್ರೀಡಾಪಟುಗಳು. ಸ್ಪರ್ಧೆಯ ಪಿಸ್ತೂಲಿನ ಮರದ ಹಿಡಿಯನ್ನು ಅವರು ಅರದಿಂದ ಉಜ್ಜಿ, ಸಾಲದ ಕಡೆ ಮರದ ಲಪ್ಪ ತುಂಬಿ, ತಮ್ಮದೇ ಅಂಗೈಯ ಅಚ್ಚಿನಂತೆ ಮಾಡಿಕೊಳ್ಳುತ್ತಾರೆ. ನಿಯಮಗಳಿಗೂ ಇದರ ಶಕ್ತಿ ಗೊತ್ತಿದೆ. 10 ಮೀಟರ್ ಏರ್ ಪಿಸ್ತೂಲು ಒಂದೂವರೆ ಕಿಲೋ ಮೀರುವಂತಿಲ್ಲ. ಹಿಡಿ ಮಣಿಕಟ್ಟಿಗೆ ಆಸರೆಯಾಗುವಂತಿಲ್ಲ. 50 ಮೀಟರ್ 'ಫ್ರೀ ಪಿಸ್ತೂಲ್' ಸ್ಪರ್ಧೆಯಲ್ಲಿ ಮಾತ್ರ ಕೈಯನ್ನು ಪೂರ್ತಿ ಸುತ್ತುವರಿಯುವ ಹಿಡಿಗೂ ಅವಕಾಶವಿತ್ತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲು ವಿಭಾಗದಲ್ಲಿ. 2016ರ ರಿಯೊ ಒಲಿಂಪಿಕ್ಸ್ ನಂತರ 50 ಮೀಟರ್ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು.

ಆದರೆ ಹೊಂದಾಣಿಕೆಯೆಂದರೆ ಆಯುಧ ಮಾತ್ರ ಕೈಗೆ ಬಗ್ಗುವುದಲ್ಲ ಎಂಬುದಕ್ಕೆ ಹಂಗೇರಿಯ ಕಾರೊಯ್ ತಕಾಚ್ ದೊಡ್ಡ ಸಾಕ್ಷಿ. ಸೇನೆಯಲ್ಲಿದ್ದ ಆತ ಬಲಗೈಯಲ್ಲಿ ಗುರಿಕಾರನಾಗಿ ಹೆಸರು ಮಾಡಿದ್ದ. 1938ರಲ್ಲಿ ದೋಷಯುಕ್ತ ಗ್ರೆನೇಡ್ ಸಿಡಿದು ಆ ಕೈಯೇ ಹೋಯಿತು. ಆತ ಯಾರಿಗೂ ಹೇಳದೆ ಎಡಗೈಗೆ ಪಿಸ್ತೂಲು ಕಲಿಸಿದ. 1939ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಯುದ್ಧದಿಂದ ಎರಡು ಒಲಿಂಪಿಕ್ಸ್ ರದ್ದಾದವು. 1948ರಲ್ಲಿ ಲಂಡನ್‌ಗೆ ಬಂದಾಗ ವಯಸ್ಸು 38. ರ‍್ಯಾಪಿಡ್ ಫೈರ್ ವಿಭಾಗದಲ್ಲಿ 600ಕ್ಕೆ 580 ಅಂಕ ಗಳಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಗೆದ್ದ.

ತಕಾಚ್‌ನ ಕಥೆಯನ್ನು ಛಲವಿದ್ದರೆ ಯಾವ ಆಯುಧವಾದರೂ ಸಾಕು ಎಂದು ಓದುವುದು ಸುಲಭ. ಆದರೆ ಅಂಥ ಛಲಕ್ಕೆ ಹತ್ತು ವರ್ಷದ ಸಮಯ ಬೇಕಾಯಿತು. ಆರು ವಾರದ ತರಬೇತಿ ಪಡೆದು ಗಡಿಗೋ ಗಸ್ತಿಗೋ ಹೊರಡುವವರಿಗೆ ಆ ಹತ್ತು ವರ್ಷವಿಲ್ಲ. ಗುರಿ ತಪ್ಪಿದರೆ ಅವರ ಜೀವಕ್ಕೆ ಅಪಾಯ. ತಪ್ಪಿದ ಗುಂಡು ದಾರಿಹೋಕರನ್ನು ತಾಗಿದರೆ ಇನ್ನೂ ದೊಡ್ಡ ಅನಾಹುತ. ಆದ್ದರಿಂದ ಆಯುಧ ಕೊಡುವ ಮುನ್ನ ಅಂಗೈಯ ಅಳತೆ ನೋಡುವುದು ಉಪಚಾರವಲ್ಲ, ಹೊಣೆ.