ಹೊಸ ಬಸ್ಸು ಮೊದಲು ಯಾವ ಮಾರ್ಗಕ್ಕೆ ಬೇಕು? ಶಿರಸಿ–ಸಿದ್ದಾಪುರ ಸೀಮೆಯ ಒಂದು ಲೆಕ್ಕ

ಶಿರಸಿ: ಘಟಕಕ್ಕೆ ಹೊಸ ಬಸ್ಸು ಬಂತು ಅಂದ ಕೂಡಲೇ ಎಲ್ಲ ಊರಿನವರದ್ದೂ ಒಂದೇ ಪ್ರಶ್ನೆ. ನಮ್ಮ ಕಡೆಗೆ ಎಷ್ಟು ಬಂತು? ಹಾರ ಹಾಕಿಸಿಕೊಂಡು, ತೆಂಗಿನಕಾಯಿ ಒಡೆಸಿಕೊಂಡು ಹೊರಟ ಬಸ್ಸು ಸಾಮಾನ್ಯವಾಗಿ ಹೋಗುವುದು ದೂರದ ಮಾರ್ಗಕ್ಕೆ. ಅಲ್ಲಿ ಕೆಲವು ವರ್ಷ ಓಡಿ ಸುಸ್ತಾದ ಮೇಲೆ ತಾಲೂಕಿನ ಮಾರ್ಗಕ್ಕೆ ಇಳಿಯುತ್ತದೆ. ಕಡೆಗೆ ಹಳ್ಳಿಗೆ. ಹೀಗಾಗಿ ಅತಿ ಹೆಚ್ಚು ಏರು, ತಿರುವು, ಹೊಂಡ ಇರುವ ರಸ್ತೆಗೆ ಅತಿ ಹಳೆಯ ಗಾಡಿ ಬರ್ತದೆ. ಈ ಸರದಿ ಸರಿಯೇ? ಯಾವ ಮಾರ್ಗಕ್ಕೆ ನಿಜವಾಗಿ ಹೊಸ ಬಸ್ಸು ಬೇಕು, ಯಾವುದಕ್ಕೆ ಹೆಚ್ಚು ಟ್ರಿಪ್ ಸಾಕು, ಎಲ್ಲಿ ಸಣ್ಣ ಬಸ್ಸು ಒಳ್ಳೆಯದು ಅನ್ನುವುದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಮನವಿ ಕೊಡುವವರಿಗೆ, ಗ್ರಾಮಸಭೆಯಲ್ಲಿ ಮಾತಾಡುವವರಿಗೆ ಉಪಯೋಗ ಆಗಬಹುದು.

ಹಿನ್ನೆಲೆ ಸ್ವಲ್ಪ

ನಮ್ಮ ಜಿಲ್ಲೆಯ ಬಸ್ಸುಗಳನ್ನು ನಡೆಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. 1997ರ ನವೆಂಬರ್ 1ರಂದು ಪ್ರತ್ಯೇಕವಾದ ಸಂಸ್ಥೆ ಇದು, ಕೇಂದ್ರ ಕಚೇರಿ ಹುಬ್ಬಳ್ಳಿ. ಉತ್ತರ ಕನ್ನಡ ವಿಭಾಗದ ಕಚೇರಿ ಶಿರಸಿಯಲ್ಲೇ ಇದೆ.

ಶಿರಸಿ, ಸಿದ್ದಾಪುರ ಪಟ್ಟಣಗಳಿಗೆ ರೈಲು ಇಲ್ಲ. ಸಿದ್ದಾಪುರದವರಿಗೆ ಹತ್ತಿರದ ರೈಲು ನಿಲ್ದಾಣ ಪಕ್ಕದ ಸಾಗರ ತಾಲೂಕಿನ ತಾಳಗುಪ್ಪ. ಶಿರಸಿಯವರು ಕೊಂಕಣ ರೈಲು ಹಿಡಿಯಲು ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು, ಇಲ್ಲವೇ ಹಾವೇರಿ, ಹುಬ್ಬಳ್ಳಿಗೆ ಹೋಗಬೇಕು. ಜಿಲ್ಲಾ ಕೇಂದ್ರ ಕಾರವಾರ ಶಿರಸಿಯಿಂದ 100 ಕಿ.ಮೀ.ಗೂ ದೂರ. ಅಂದರೆ ನಮ್ಮ ಕಡೆ ಬಸ್ಸಿಗೆ ಬದಲಿ ಅನ್ನುವುದು ಸ್ವಂತ ವಾಹನ ಮಾತ್ರ. ಅದಿಲ್ಲದವರಿಗೆ ಬಸ್ಸೇ ಗತಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿತು. ಜನ ಹೆಚ್ಚಾದರು, ಟಿಕೆಟ್ ದರವೂ ಹೆಚ್ಚಾಯಿತು. ಹಾಗಿರುವಾಗ ಗಾಡಿಯೂ ಚೆನ್ನಾಗಿರಲಿ ಅಂತ ಕೇಳುವುದು ತಪ್ಪಲ್ಲ.

ಬಸ್ಸಿನ ವಯಸ್ಸು: ನಿಯಮ ಏನು ಹೇಳ್ತದೆ?

ಬಸ್ಸಿನಂಥ ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ, ಅಂದರೆ ಎಫ್‌ಸಿ ಬೇಕೇ ಬೇಕು. ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಬೇಕು. 15 ವರ್ಷ ದಾಟಿದ ಸರ್ಕಾರಿ ವಾಹನದ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ. ಸಾರಿಗೆ ಸಂಸ್ಥೆಗಳ ಬಸ್ಸಿಗೂ ಇದು ಅನ್ವಯ.

ಆದರೆ ಎಫ್‌ಸಿ ಇದೆ ಅಂದರೆ ರಸ್ತೆಗೆ ಇಳಿಸಬಹುದು ಅಂತ ಅಷ್ಟೇ ಅರ್ಥ. ಬಯಲು ಸೀಮೆಯ ನೇರ ರಸ್ತೆಯಲ್ಲಿ ಇನ್ನೂ ನಾಲ್ಕು ವರ್ಷ ತೊಂದರೆ ಇಲ್ಲದೆ ಓಡುವ ಗಾಡಿ ದೇವಿಮನೆ ಘಟ್ಟದಲ್ಲಿ ಬೇಗ ಸೋಲ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ತುಳಿದಾಗ ಬ್ರೇಕ್ ಕಾಯುತ್ತದೆ, ಕಾದರೆ ಹಿಡಿತ ಕಡಿಮೆ ಆಗ್ತದೆ. ಏರಿನಲ್ಲಿ ಕ್ಲಚ್ ಸವೆಯುತ್ತದೆ, ಇಂಜಿನ್ ಬಿಸಿಯಾಗ್ತದೆ. ಮಳೆಗಾಲದಲ್ಲಿ ವೈಪರ್, ಟೈರು, ಸೋರದ ಮಾಡು, ಮುಚ್ಚಿಕೊಳ್ಳುವ ಕಿಟಕಿ, ಇವೆಲ್ಲ ಸುರಕ್ಷತೆಯ ವಿಷಯವೇ. ಹಾಗಾಗಿ ಬಸ್ಸಿನ ವಯಸ್ಸನ್ನು ವರ್ಷದಲ್ಲಿ ಎಣಿಸಿದರೆ ಸಾಲದು, ಯಾವ ರಸ್ತೆಯಲ್ಲಿ ಓಡಿದೆ ಅಂತಲೂ ನೋಡಬೇಕು.

'ನಷ್ಟದ ಮಾರ್ಗ' ಅನ್ನುವ ಮಾತಿನ ಒಳಗೆ

ಮನವಿ ಹಿಡಿದು ಹೋದವರಿಗೆ ಸಿಗುವ ಉತ್ತರ ಬಹುತೇಕ ಒಂದೇ: 'ಆ ಮಾರ್ಗದಲ್ಲಿ ಆದಾಯ ಇಲ್ಲ.' ಬಸ್ಸು ಒಂದು ಕಿ.ಮೀ. ಓಡಿದರೆ ಎಷ್ಟು ಗಳಿಸಿತು, ಎಷ್ಟು ಖರ್ಚಾಯಿತು ಅನ್ನುವುದು ಸಾರಿಗೆ ಸಂಸ್ಥೆಗಳ ಮುಖ್ಯ ಅಳತೆ. ಈ ಲೆಕ್ಕದಲ್ಲಿ ಘಟ್ಟದ ಹಳ್ಳಿ ಎರಡೂ ಕಡೆ ಸೋಲ್ತದೆ. ಮನೆಗಳು ದೂರ ದೂರ, ಜನ ಕಡಿಮೆ, ಆದಾಯ ಕಡಿಮೆ. ಡೀಸೆಲ್, ಬ್ರೇಕ್, ಟೈರಿನ ಖರ್ಚು ಮಾತ್ರ ಹೆಚ್ಚು.

ಆದರೆ ಈ ಅಳತೆಗೆ ಕಾಣದ ಒಂದು ಸಂಗತಿ ಇದೆ. ಉದಾಹರಣೆಗೆ, ಮತ್ತಿಘಟ್ಟದ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ 30 ಜನ ಶಿರಸಿಗೆ ಬಂದರು ಅಂತ ಇಟ್ಟುಕೊಳ್ಳಿ. ಅದರಲ್ಲಿ ಹತ್ತು ಜನ ಇಳಿದು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ. ಆ ಹತ್ತು ಜನರ ಹುಬ್ಬಳ್ಳಿ ಟಿಕೆಟ್ ಹಣ ಹುಬ್ಬಳ್ಳಿ ಮಾರ್ಗದ ಲೆಕ್ಕಕ್ಕೆ ಹೋಗ್ತದೆ. ಹಳ್ಳಿ ಬಸ್ಸು ನಿಂತರೆ ಆ ಹತ್ತು ಜನ ಹುಬ್ಬಳ್ಳಿ ಬಸ್ಸಿಗೂ ಬರುವುದಿಲ್ಲ. ಯಾರದ್ದೋ ಕಾರಿನಲ್ಲಿ ಹೋಗ್ತಾರೆ, ಇಲ್ಲವೇ ಹೋಗುವುದನ್ನೇ ಬಿಡ್ತಾರೆ. ಅಂದರೆ ಲಾಭದ ಮಾರ್ಗಕ್ಕೆ ಜನ ತಂದು ಕೊಡುವುದು ನಷ್ಟದ ಮಾರ್ಗ. ಇದನ್ನು ಬಿಡಿಸಿ ಹೇಳದೆ ಬರೀ 'ನಮ್ಮೂರಿಗೆ ಬಸ್ಸು ಕೊಡಿ' ಅಂದರೆ ಮನವಿಗೆ ತೂಕ ಬರುವುದಿಲ್ಲ.

ಅದಕ್ಕೇ ಆದಾಯದ ಜೊತೆಗೆ ಈ ನಾಲ್ಕು ಪ್ರಶ್ನೆಗಳನ್ನೂ ಇಟ್ಟು ನೋಡಬೇಕು:

1. ಈ ಬಸ್ಸು ಬರದಿದ್ದರೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?
2. ರಸ್ತೆಯಲ್ಲಿ ಘಟ್ಟ ಇದೆಯೇ? ಕೆಟ್ಟು ನಿಂತರೆ ಮೊಬೈಲ್ ಸಿಗುವ ಜಾಗವೇ?
3. ಬಸ್ಸಿನಲ್ಲಿ ಇರುವವರು ಯಾರು? ಶಾಲೆ–ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೋಗುವವರು, ಅಂಗಡಿ ಕೆಲಸದವರು ಎಷ್ಟು?
4. ಈ ಬಸ್ಸು ಇನ್ಯಾವ ಬಸ್ಸಿಗೆ ಅಥವಾ ರೈಲಿಗೆ ಜನರನ್ನು ಮುಟ್ಟಿಸಬೇಕು?

ಮಾರ್ಗವಾರು: ಯಾರಿಗೆ ಏನು ಬೇಕು?

ಶಿರಸಿ–ಕುಮಟಾ (ದೇವಿಮನೆ ಘಟ್ಟ). ಸುಮಾರು 60 ಕಿ.ಮೀ. ಹೊಸ ಗಾಡಿಗೆ ಮೊದಲ ಹಕ್ಕು ಇದರದ್ದು. ಕೊಂಕಣ ರೈಲಿಗೆ, ಕಾರವಾರದ ಕಚೇರಿ ಕೆಲಸಕ್ಕೆ, ಮಂಗಳೂರು–ಮಣಿಪಾಲದ ಆಸ್ಪತ್ರೆಗೆ ಹೋಗುವವರೆಲ್ಲ ಈ ಘಟ್ಟ ಇಳಿಯುತ್ತಾರೆ. ಇಲ್ಲಿ ಅರ್ಧ ಗಂಟೆ ತಡವಾದರೆ ರೈಲು ತಪ್ಪಿತು. ಕರಾವಳಿಯ ಹೆದ್ದಾರಿಯೂ ಮಳೆಗಾಲದಲ್ಲಿ ನಂಬುವ ಹಾಗಿಲ್ಲ ಅನ್ನುವುದು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಎಲ್ಲರಿಗೂ ಗೊತ್ತಾಯಿತು. ರಸ್ತೆಯೇ ಕಷ್ಟದ್ದು ಅಂದಮೇಲೆ ಗಾಡಿಯಾದರೂ ಗಟ್ಟಿ ಇರಬೇಕು. ಘಟ್ಟದ ಮಾರ್ಗಕ್ಕೆ ಅಂತಲೇ ಕೆಲವು ಬಸ್ಸು ಮೀಸಲಿಟ್ಟು, ಬೇರೆ ಮಾರ್ಗಕ್ಕೆ ತೆಗೆಯದೇ ಇರುವುದು ಒಳ್ಳೆಯದು.

ಸಿದ್ದಾಪುರ–ಕುಮಟಾ (ದೊಡ್ಮನೆ ಘಟ್ಟ). ಇಲ್ಲಿಯೂ ಘಟ್ಟ, ಕಾಡು, ಮಳೆ. ಶಿರಸಿ–ಕುಮಟಾ ಮಾರ್ಗದಷ್ಟು ವಾಹನ ಓಡಾಟ ಇಲ್ಲ. ಕೆಟ್ಟು ನಿಂತರೆ ಹಿಂದಿನಿಂದ ಬರುವ ಬಸ್ಸಿಗೆ ಹತ್ತಿಸಿ ಕಳಿಸುವುದು ಅಷ್ಟು ಸುಲಭ ಅಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ಗಂಟೆಗಳಲ್ಲಿ ಬರ್ತದೆ. ಎರಡನೇ ಸ್ಥಾನ ಇದಕ್ಕೆ.

ಮತ್ತಿಘಟ್ಟ, ವಾನಳ್ಳಿ–ಜಡ್ಡಿಗದ್ದೆ, ಹೆಗ್ಗರಣೆ, ನಿಲ್ಕುಂದ ಕಡೆಯ ಮಾರ್ಗಗಳು. ಇವು ಒಳನಾಡಿನ ಮಾರ್ಗಗಳು. ಇಲ್ಲಿಗೆ ಬೇಕಾದದ್ದು ಉದ್ದನೆಯ ಹೊಸ ಬಸ್ಸು ಅಲ್ಲ, ತಿರುವಿನಲ್ಲಿ ಹಿಂದೆ–ಮುಂದೆ ಮಾಡದೆ ತಿರುಗುವ ಗಿಡ್ಡ ಬಸ್ಸು. ಎದುರಿಗೆ ಒಂದು ಪಿಕಪ್ ಬಂದರೆ ಉದ್ದ ಬಸ್ಸು ಗದ್ದೆ ಅಂಚಿಗೆ ಇಳಿಯಬೇಕಾಗ್ತದೆ. ಇಂಥ ಮಾರ್ಗದಲ್ಲಿ ರಾತ್ರಿ ಊರಲ್ಲೇ ಉಳಿದು ಬೆಳಿಗ್ಗೆ ಹೊರಡುವ ವಸತಿ ಬಸ್ಸು ಎಲ್ಲಕ್ಕಿಂತ ಮುಖ್ಯ. ಅದು ಒಂದು ದಿನ ತಪ್ಪಿದರೆ ಕಾಲೇಜಿನ ಹುಡುಗಿಯ ಪರೀಕ್ಷೆ, ಅಜ್ಜನ ಡಾಕ್ಟರು, ಡೇರಿಯ ಕೆಲಸ ಎಲ್ಲ ಒಟ್ಟಿಗೇ ತಪ್ಪುತ್ತದೆ. ಬದಲಿ ಬಸ್ಸು ಇಲ್ಲದ ಇಂಥ ಮಾರ್ಗಕ್ಕೆ ಘಟಕದ ಅತಿ ಹಳೆಯ ಗಾಡಿ ಕೊಡುವುದು ಉಲ್ಟಾ ಲೆಕ್ಕ.

ಶಿರಸಿ–ಹುಬ್ಬಳ್ಳಿ. ಸುಮಾರು 100 ಕಿ.ಮೀ. ದೂರದ ಮಾರ್ಗ ಆದ್ದರಿಂದ ಹೊಸ ಗಾಡಿ ಇದಕ್ಕೆ ಹೇಗೂ ಬರ್ತದೆ. ಇಲ್ಲಿಯ ಕೊರತೆ ಬೇರೆ: ಹುಬ್ಬಳ್ಳಿಯ ಕಿಮ್ಸ್‌ಗೆ ಹೋಗುವ ರೋಗಿಗಳು ಹೊರರೋಗಿ ವಿಭಾಗದ ಚೀಟಿ ಮಾಡಿಸುವ ಹೊತ್ತಿಗೆ ಮುಟ್ಟುವ ಹಾಗೆ ಬೆಳಗಿನ ಬಸ್ಸು, ಸಂಜೆ ವಾಪಸ್ ಬಂದವರಿಗೆ ಹಳ್ಳಿಯ ಕೊನೆ ಬಸ್ಸು ಸಿಗುವ ಹಾಗೆ ಹೊಂದಾಣಿಕೆ. ಇದಕ್ಕೆ ಹೊಸ ಗಾಡಿ ಬೇಡ, ವೇಳಾಪಟ್ಟಿ ಸರಿ ಮಾಡಿದರೆ ಆಯ್ತು.

ಶಿರಸಿ–ಬನವಾಸಿ. 20 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಘಟ್ಟ ಇಲ್ಲ. ಮಕ್ಕಳು, ರೈತರು, ಮಧುಕೇಶ್ವರ ದೇವಸ್ಥಾನಕ್ಕೆ ಬರುವವರು ಎಲ್ಲ ಸೇರಿ ಬೆಳಿಗ್ಗೆ–ಸಂಜೆ ನೂಕುನುಗ್ಗಲು. ಇಲ್ಲಿಗೆ ಹೊಸದೊಂದು ಬಸ್ಸಿಗಿಂತ ಶಾಲೆ–ಕಾಲೇಜು ಬಿಡುವ ಹೊತ್ತಿಗೆ ಎರಡು ಹೆಚ್ಚಿನ ಟ್ರಿಪ್ ಹೆಚ್ಚು ಉಪಯೋಗ. ಗಾಡಿ ಮಧ್ಯವಯಸ್ಸಿನದ್ದಾದರೂ ನಡೆಯುತ್ತದೆ.

ಶಿರಸಿ–ಸಿದ್ದಾಪುರ (ಕಾನಸೂರು ಮಾರ್ಗ). ಬಸ್ಸು ಇರುವ ಮಾರ್ಗವೇ. ಇಲ್ಲಿಯ ವ್ಯಾಪಾರಿಗಳಿಗೆ ಬೇಕಾದದ್ದು ರಾತ್ರಿ ಒಂದು ಬಸ್ಸು. ಬಟ್ಟೆ ಅಂಗಡಿ, ಮೆಡಿಕಲ್, ಹೋಟೆಲಿನಲ್ಲಿ ಕೆಲಸ ಮಾಡುವವರು ಕೊನೆ ಬಸ್ಸಿನ ಹೊತ್ತಿಗೆ ಎದ್ದು ಹೋಗಲೇಬೇಕು. ಅಂಗಡಿ ಬಾಗಿಲು ಹಾಕುವ ಹೊತ್ತನ್ನು ಕೊನೆ ಬಸ್ಸೇ ತೀರ್ಮಾನ ಮಾಡ್ತದೆ.

ಹೊಸದೆಲ್ಲ ಎಲ್ಲ ಕಡೆಗೂ ಸೈ ಅಲ್ಲ

2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್–6 ಡೀಸೆಲ್ ಬಸ್ಸುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಓಡಿದರೆ ಮಾತ್ರ ಅದರ ಮಸಿ ಸುಟ್ಟು ಸ್ವಚ್ಛ ಆಗ್ತದೆ. ಐದೈದು ನಿಮಿಷಕ್ಕೆ ನಿಲ್ಲುವ, ನಿಧಾನ ಓಡುವ ಸಣ್ಣ ಟ್ರಿಪ್ಪಿನಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಸೆನ್ಸರ್ ದೋಷ ಬಂದರೆ ಕಂಪ್ಯೂಟರ್ ಹಾಕಿ ನೋಡಬೇಕು, ಊರಿನ ಮೆಕ್ಯಾನಿಕ್ ಕೈಗೆ ಬಗೆಹರಿಯುವುದಿಲ್ಲ. ಹಾಗಾಗಿ ಹೊಸ ಗಾಡಿಯ ಜೊತೆಗೆ ಘಟಕದಲ್ಲಿ ತರಬೇತಿ ಪಡೆದ ತಾಂತ್ರಿಕ ಸಿಬ್ಬಂದಿ, ಸಿದ್ಧವಾಗಿ ನಿಂತ ಒಂದು ಬದಲಿ ಬಸ್ಸು ಕೂಡ ಬೇಕು ಅಂತ ಕೇಳಿ.

ಇನ್ನೊಂದು ಮಾತು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ವಿಶೇಷ ಬಸ್ಸು ಬೇಕೇ ಬೇಕು. ಆದರೆ ಅದಕ್ಕಾಗಿ ದಿನಕ್ಕೆ ಒಂದೇ ಬಸ್ಸು ಇರುವ ಊರಿನ ಟ್ರಿಪ್ ಕಟ್ ಆಗಬಾರದು. ಇದನ್ನು ಜಾತ್ರೆಗೆ ಮೊದಲೇ ಬರವಣಿಗೆಯಲ್ಲಿ ಕೊಟ್ಟಿಡಿ.

ನೀವು ಮಾಡಬಹುದಾದದ್ದು

*ಟಿಕೆಟ್ ತಪ್ಪದೇ ತಗೊಳ್ಳಿ.* ಹೆಣ್ಣುಮಕ್ಕಳ ಶೂನ್ಯ ಟಿಕೆಟ್ ಕೂಡ ಲೆಕ್ಕವೇ. ಅದರ ಮೌಲ್ಯವನ್ನು ಸರ್ಕಾರ ಸಂಸ್ಥೆಗೆ ತುಂಬಿಕೊಡಬೇಕು. 'ಫ್ರೀ ಅಲ್ವಾ, ಟಿಕೆಟ್ ಯಾಕೆ' ಅಂತ ಬಿಟ್ಟರೆ ನಿಮ್ಮೂರಿನ ಬಸ್ಸು ಖಾಲಿ ಓಡಿದ ಹಾಗೆ ದಾಖಲಾಗ್ತದೆ. ಅಂಗಡಿಯವರು ಸಾಮಾನು ಹಾಕಿದರೆ ಲಗೇಜ್ ಟಿಕೆಟ್ ಕೇಳಿ ಪಡೆಯಿರಿ. ಕೈಗೆ ಕೊಟ್ಟ ಹಣ ಮಾರ್ಗದ ಆದಾಯಕ್ಕೆ ಸೇರುವುದಿಲ್ಲ.

*ಒಂದು ತಿಂಗಳು ಬರೆದಿಡಿ.* ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಸಾಕು. ದಿನಾಂಕ, ಬರಬೇಕಾದ ಹೊತ್ತು, ಬಂದ ಹೊತ್ತು, ಬರದಿದ್ದರೆ 'ಇಲ್ಲ', ಬಸ್ಸಿನ ನಂಬರ್. 'ಬಸ್ಸು ಸರಿಯಾಗಿ ಬರೋದೇ ಇಲ್ಲ' ಅನ್ನುವ ದೂರಿಗಿಂತ ಇಂಥ 30 ಸಾಲಿಗೆ ಬೆಲೆ ಹೆಚ್ಚು.

*ಗಾಡಿಯ ವಯಸ್ಸು ನೋಡಿ.* ಬಸ್ಸಿನ ನಂಬರ್ ಹಾಕಿದರೆ ಎಂ–ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ಎಫ್‌ಸಿ ಅವಧಿ ಕಾಣುತ್ತದೆ.

*ಮಾಹಿತಿ ಹಕ್ಕಿನಲ್ಲಿ ಕೇಳಿ.* 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. 'ಈ ಮಾರ್ಗದಲ್ಲಿ ಕಳೆದ ಆರು ತಿಂಗಳಲ್ಲಿ ರದ್ದಾದ ಟ್ರಿಪ್ ಎಷ್ಟು, ಕಾರಣ ಏನು' ಅಂತ ನೇರವಾಗಿ ಕೇಳಿ.

*ಊರಿನ ಪಾಲಿನದ್ದನ್ನು ಊರೇ ಮಾಡಲಿ.* ಬಸ್ಸು ತಿರುಗಿಸಲು ಜಾಗ, ರಸ್ತೆಗೆ ಬಾಗಿದ ಟೊಂಗೆ ಕಡಿಸುವುದು, ವಸತಿ ಬಸ್ಸಿನ ಚಾಲಕ–ನಿರ್ವಾಹಕರಿಗೆ ಮಲಗಲು ಕೋಣೆ, ಶೌಚಾಲಯ. ಇವನ್ನು ಪಂಚಾಯ್ತಿ ಮಟ್ಟದಲ್ಲಿ ಮೊದಲೇ ಮಾಡಿಟ್ಟರೆ 'ಅಲ್ಲಿ ಸೌಲಭ್ಯ ಇಲ್ಲ' ಅನ್ನುವ ಕಾರಣ ಉಳಿಯುವುದಿಲ್ಲ.

ಮನವಿಯನ್ನು ಮೊದಲು ಘಟಕ ವ್ಯವಸ್ಥಾಪಕರಿಗೆ, ಪ್ರತಿಯನ್ನು ಶಿರಸಿಯ ವಿಭಾಗೀಯ ನಿಯಂತ್ರಣಾಧಿಕಾರಿಗೆ ಮತ್ತು ಶಾಸಕರಿಗೆ ಕೊಡಿ. ಸ್ವೀಕೃತಿ ಸಹಿ ತಗೊಳ್ಳುವುದನ್ನು ಮರೆಯಬೇಡಿ. ಹೊಸ ಬಸ್ಸು ಬೇಕೋ, ಗಿಡ್ಡ ಬಸ್ಸು ಬೇಕೋ, ಟ್ರಿಪ್ ಹೆಚ್ಚಬೇಕೋ, ಹೊತ್ತು ಬದಲಾಗಬೇಕೋ, ಇವುಗಳಲ್ಲಿ ಯಾವುದು ಅಂತ ಸ್ಪಷ್ಟ ಬರೆಯಿರಿ. ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಒಂದೂ ಸಿಗದೇ ಹೋಗಬಹುದು. ನಿಮ್ಮೂರಿನ ಮಾರ್ಗಕ್ಕೆ ಮೊದಲು ಬೇಕಾದದ್ದು ಯಾವುದು ಅನ್ನುವುದು ದಿನಾ ಅದರಲ್ಲಿ ಓಡಾಡುವ ನಿಮಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.