ಕಾರವಾರದ ಹತ್ತಿ, ಅಂಕೋಲೆಯ ಬಿಸಿಲು

ಅಂಕೋಲೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ರು. "ತಮಾ, ಸೋಲಾರ್ ಶೇರು ಏರ್ತಾ ಉಂಟು ಅಂತ ನೀನೇ ಹೇಳ್ತೆ. ರಿಟೈರ್ಮೆಂಟ್ ದುಡ್ಡು ಹಾಕ್ಲಾ?" ಲೈವ್‌ನಲ್ಲಿ ನನಗಿದ್ದದ್ದು ಮೂವತ್ತು ಸೆಕೆಂಡ್. ಏನೋ ಹೇಳಿ ಬ್ರೇಕ್ ತಗೊಂಡೆ. ಅವತ್ತು ಬಿಟ್ಟದ್ದನ್ನ ಇಲ್ಲಿ ಹೇಳ್ತೀನಿ. ಶುರು ಮಾಡಬೇಕಾದ್ದು ಅವರ ಪಕ್ಕದ ಕಾರವಾರದಿಂದ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಘಟ್ಟ ಇಳಿದು ಸಮುದ್ರ ಸೇರಲು ಹತ್ತಿರದ ಒಳ್ಳೆಯ ಬಂದರು ಕಾರವಾರ. ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಅದನ್ನು ಬೊಂಬಾಯಿಗೆ ಸೇರಿಸಿದರು. ಒಂದು ಬೆಳೆಯ ಬೆಲೆ ಏರಿದ್ದಕ್ಕೆ ಒಂದು ಜಿಲ್ಲೆಯ ರಾಜಧಾನಿಯೇ ಬದಲಾಯಿತು ನೋಡಿ!

ಅತ್ತ ಬೊಂಬಾಯಿಯಲ್ಲಿ ಹತ್ತಿಯ ಲಾಭ ಶೇರುಗಳಿಗೆ ನುಗ್ಗಿತು. ಸಮುದ್ರ ತುಂಬಿ ನೆಲ ಮಾಡ್ತೀವಿ ಎಂದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿ ಶೇರು ಸುಮಾರು 50,000ಕ್ಕೆ ಹೋಯಿತು. ನೆಲ ಇನ್ನೂ ನೀರಿನಡಿಯಲ್ಲೇ ಇತ್ತು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು. ಜುಲೈ 1ರಂದು, ವಾಯಿದೆ ವ್ಯವಹಾರ ಚುಕ್ತಾ ಮಾಡಬೇಕಾದ ದಿನ, ಕೊಡುವವರ ಕೈಯಲ್ಲಿ ಹಣವೇ ಇಲ್ಲ. ಬ್ಯಾಂಕುಗಳೂ ಮುಳುಗಿದವು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರಬೇಕೆಂಬ ಮಾತು ಮಾತಾಗಿಯೇ ಉಳಿಯಿತು. 1880ರ ದಶಕದಲ್ಲಿ ರೈಲು ಮುಟ್ಟಿದ್ದು ಗೋವಾದ ಮರ್ಮಗೋವಾ ಬಂದರನ್ನು. ಹತ್ತಿಯೂ ಅದರ ಹಿಂದೆ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲಿನ ಸುದ್ದಿಯನ್ನ ನಾನೇ ಎಷ್ಟು ಸಲ ಓದಿದ್ದೀನೋ, ಲೆಕ್ಕ ಇಟ್ಟಿಲ್ಲ.

ಈಗ ಸೋಲಾರ್. ಸೂಚ್ಯಂಕ ಅಂದರೆ ಹಲವು ಕಂಪನಿಗಳ ಶೇರು ಬೆಲೆಯನ್ನು, ಕಂಪನಿಯ ಗಾತ್ರಕ್ಕೆ ತಕ್ಕ ತೂಕ ಕೊಟ್ಟು, ಒಂದೇ ಅಂಕಿಗೆ ಇಳಿಸೋದು. ಮ್ಯಾಕ್ ಗ್ಲೋಬಲ್ ಸೋಲಾರ್ ಎನರ್ಜಿ ಇಂಡೆಕ್ಸ್ ಅಂಥದ್ದು. ಅದನ್ನು ಹಿಂಬಾಲಿಸುವ 'ಟ್ಯಾನ್' ಫಂಡ್ 2008ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಶುರುವಾಯಿತು. 2012ರ ಕೊನೆಯ ಹೊತ್ತಿಗೆ ಹತ್ತು ರೂಪಾಯಿ ಹಾಕಿದವನ ಕೈಯಲ್ಲಿ ಒಂದು ರೂಪಾಯಿಯೂ ಇರಲಿಲ್ಲ. 2011ರಲ್ಲಿ ಅಮೆರಿಕದ ಸೊಲಿಂಡ್ರಾ ದಿವಾಳಿ, 2012ರಲ್ಲಿ ಜರ್ಮನಿಯ ಕ್ಯೂ-ಸೆಲ್ಸ್, 2013ರಲ್ಲಿ ಚೀನಾದ ಸನ್‌ಟೆಕ್‌ನ ಮುಖ್ಯ ಘಟಕ.

ಬಿಸಿಲು ಕಡಿಮೆಯಾಗಿತ್ತಾ? ಇಲ್ಲ. ಪ್ಯಾನೆಲ್ ಬೇಡ ಅಂದ್ರಾ ಜನ? ಅದೂ ಇಲ್ಲ. ಚೀನಾದ ಕಾರ್ಖಾನೆಗಳು ಬೇಕಾದ್ದಕ್ಕಿಂತ ಹೆಚ್ಚು ಪ್ಯಾನೆಲ್ ಮಾಡಿದವು, ಯುರೋಪಿನ ಸರ್ಕಾರಗಳು ಸಬ್ಸಿಡಿ ಕಡಿತ ಮಾಡಿದವು, ಬೆಲೆ ಪಾತಾಳ ಕಂಡಿತು. ಕೊಳ್ಳುವವನಿಗೆ ಹಬ್ಬ, ಶೇರುದಾರನಿಗೆ ಸೂತಕ. ಎಂಜಿನಿಯರಿಂಗ್ ಓದಿದ ನನಗೇ ಇದು ಹೊಳೆಯಲು ತಡವಾಯಿತು. ಕಾಲೇಜಿನಲ್ಲಿ ಸೆಲ್‌ನ ದಕ್ಷತೆ ಲೆಕ್ಕ ಹಾಕಿಸಿದ್ರು, ಅದನ್ನು ಮಾರುವವನ ಲಾಭ ಯಾರೂ ಕೇಳಲಿಲ್ಲ.

ಅದೇ 2011ರಲ್ಲಿ ಬೆಂಗಳೂರಿನ ಹರೀಶ್ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1995ರಲ್ಲಿ ಹುಟ್ಟಿದ ಅವರ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಹಳ್ಳಿಮನೆಗಳಿಗೆ ಸೋಲಾರ್ ದೀಪ ಹಾಕಿಸಿತ್ತು. ಅದರ ಶೇರು ಪೇಟೆಯಲ್ಲಿಲ್ಲ, ಯಾವ ಸೂಚ್ಯಂಕದಲ್ಲೂ ಇಲ್ಲ. ವಾಲ್ ಸ್ಟ್ರೀಟಿನಲ್ಲಿ ಅಂಕಿ ಕೆಂಪಾದ ರಾತ್ರಿ ಆ ದೀಪಗಳೇನೂ ಆರಲಿಲ್ಲ.

ಮೇಷ್ಟ್ರೇ, ಪಿಂಚಣಿ ಗಂಟು ಮುಟ್ಟಬೇಡಿ. ಸೋಲಾರ್ ಬೇಕೇ ಬೇಕು ಅನ್ನಿಸಿದರೆ ಮನೆಯ ಮಾಡಿಗೆ ಹಾಕಿಸಿ. ಜೂನ್, ಜುಲೈನಲ್ಲಿ ಎಷ್ಟು ಯೂನಿಟ್ ಬರುತ್ತೆ ಅಂತ ಮಾತ್ರ ಮಾರೋಕೆ ಬಂದವನ ಹತ್ರ ಮೊದಲೇ ಕೇಳಿ. ಅಂಕೋಲೆಯ ಮಳೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.